ಸುಳಿ ಮುಚ್ಚುವ ಕೆಲಸ

ಬಿಳಿ ಕುದುರೆಯ ತೊಗಲು ಕಪ್ಪೆಂದು
ನನಗೆ ಗೊತ್ತಾದದ್ದು ಹನ್ನೊಂದನೆಯ ವಯಸ್ಸಿಗೆ,
ಪುಣೆಯ ಘೋರ್ಪಡಿಯಲ್ಲಿ, ರೈಲು ಗೇಟಿನ ಹಿಂದೆ
ದಸ್ತಗೀರ್ ಚಾಚಾನ ತಗಡಿನ ಲಾಯದಲ್ಲಿ.
ಚಂದ್ರಾಮ ಮಾವ ಮಷೀನು ಹಿಡಿದಿದ್ದ.
ನಾನು ಹಗ್ಗ.

ಬಿಳಿ ಮೈಮೇಲೆ ಸೀಮೆಸುಣ್ಣ ಕಾಣುವುದಿಲ್ಲ.
ಇಸ್ತ್ರಿಯವನ ಹತ್ತಿರ ಬೇಡಿ ತಂದ ಇದ್ದಿಲ ಚೂರು,
ಬಿಸ್ಕಿಟಿನ ರಟ್ಟಿನಲ್ಲಿ ಕೊರೆದ ಅಚ್ಚುಗಳು:
ಇಸ್ಪೀಟಿನ ಡೈಮಂಡು, ಮಾವಿನಕಾಯಿ,
ಒಂದು ಕಲಶ, ಒಂದು ಚಂದ್ರ.
ಕಲಶದ ಮನೆಯವರದೂ ಚಂದ್ರನ ಮನೆಯವರದೂ
ಒಂದೇ ವಾರ ಮದುವೆ ಬಂದರೆ
ಡೈಮಂಡೇ ಗತಿ.

ಪಕ್ಕದ ಗ್ಯಾರೇಜಿನಿಂದ ಎಳೆದ ವೈರು. ಮಷೀನು ಕಾಯುತ್ತಿತ್ತು.
ಆಗಾಗ ನಿಲ್ಲಿಸಿ, ಬ್ಲೇಡನ್ನು
ತನ್ನ ಮಣಿಕಟ್ಟಿನ ಒಳಬದಿಗೆ ಒತ್ತಿ ನೋಡುತ್ತಿದ್ದ
ಕೂಸಿಗೆ ಹಾಲು ಆರಿಸುವವಳ ಹಾಗೆ.
ಅಲ್ಲಿ ಸಾಲು ಸಾಲು ಸುಟ್ಟ ಗೀರು.

ಇಂಡಿಯ ಕಡೆ ಒಂದು ಹಳ್ಳಿಯಲ್ಲಿ ಅವನ ಅಪ್ಪ
ವರ್ಷಕ್ಕೆ ಎರಡು ಚೀಲ ಜೋಳಕ್ಕೆ ಊರಿನ ಗಡ್ಡ ಹೆರೆದವನು.
'ಮುಂಜಾನೆ ನಮ್ಮ ಮಾರಿ ನೋಡಿದ್ರ
ಕೆಲಸ ಕೆಡತೈತಿ ಅಂತಿದ್ರು.
ಕುದರಿ ಹಂಗ ಅನ್ನೂದಿಲ್ಲ.'
ಹೀಗಂದು ಮಖಮಲ್‌ಳ ಮೂಗಿಗೆ ಮೂಗು ಕೊಟ್ಟು
ಅವಳ ಉಸಿರು ತಾನು ತೆಗೆದುಕೊಳ್ಳುತ್ತಿದ್ದ.

ಮಖಮಲ್ ಅಗ್ಗಕ್ಕೆ ಸಿಕ್ಕಿದ್ದಳು. ಎಡ ಪಕ್ಕೆಯಲ್ಲಿ ಸುಳಿ.
ತಡಿ ಮುಗಿಯುವಲ್ಲಿ, ಎರಡು ಬೆರಳಗಲ,
ನೀರು ಬಚ್ಚಲ ತೂತಿಗೆ ತಿರುಗುವ ಹಾಗೆ.
ಆ ಸುಳಿ ಇದ್ದ ಕುದುರೆ ಏರಿದ ವರನಿಗೆ
ಹೆಂಡತಿ ನಿಲ್ಲುವುದಿಲ್ಲವಂತೆ.
ನಾಳಿದ್ದು ನೋಡಲು ಬರುತ್ತಾರೆ ಹುಡುಗನ ಸೋದರಮಾವ,
ಸುಳಿಯ ಲೆಕ್ಕ ಬಲ್ಲವರು.
'ಅಳಿಸಿಬಿಡು ಚಂದ್ರಾಮ,' ಅಂದ ದಸ್ತಗೀರ್ ಚಾಚಾ.
'ಒಂದು ಸುಳಿ. ಎಷ್ಟು ಹೊತ್ತಿನ ಕೆಲಸ?'

ನನ್ನ ನೆತ್ತಿ ತುರಿಸಿತು. ಅಲ್ಲಿ ಎರಡಿವೆ.
ಎರಡು ಸುಳಿಯವಳಿಗೆ ಎರಡು ಮದುವೆಯೆಂದು
ಅವ್ವ ಬೈತಲೆ ಓರೆ ತೆಗೆದು, ಎಣ್ಣೆ ಹಚ್ಚಿ ಹಚ್ಚಿ,
ಒಂದನ್ನು ಮಲಗಿಸಿ ಇಡುತ್ತಿದ್ದಳು.

ಮಾವ ಮಷೀನು ಓಡಿಸಿದ.
ಮಾರ್ಗಶಿರದ ಚಳಿಗೆ ದಟ್ಟವಾಗಿ ಬಂದ ಕೂದಲು
ಹಾಲಿನ ಕೆನೆಯಂತೆ ಮಡಚಿ ಮಡಚಿ ಬಿತ್ತು.
ಕೆಳಗೆ ಹಲಗೆಬಳಪದ ಬಣ್ಣದ ತೊಗಲು,
ಆ ತೊಗಲ ಮೇಲೆ, ಎಳ್ಳಿನಷ್ಟು ಉಳಿದ ಕೂದಲಿನಲ್ಲಿ
ಮತ್ತೆ ಅದೇ ಸುಳಿ. ಮೊದಲಿಗಿಂತ ಸ್ಪಷ್ಟ.
ಕೂದಲು ಹೋಗಿತ್ತು, ಹೊರಳುವ ಬುದ್ಧಿ ಹೋಗಿರಲಿಲ್ಲ.

ದಸ್ತಗೀರ್ ಚಾಚಾ ತೌಬಾ ಅಂದು ಚಹಾಕ್ಕೆ ಹೋದ.
ಮಾವ ತಂಬಾಕು ತಿಕ್ಕಿದ, ಬಾಯಿಗೆ ಹಾಕಲಿಲ್ಲ.
ಯಾವ ಅಚ್ಚೂ ತೆಗೆಯಲಿಲ್ಲ. ಇದ್ದಿಲು ತೆಗೆದು
ಸುಳಿಯ ಸುತ್ತ ಎಂಟು ಎಸಳು ಬರೆದ,
ಅದು ತಿರುಗುವ ಕಡೆಗೇ ಒಂದೊಂದನ್ನೂ ತುಸು ಓರೆ ಮಾಡಿ.
'ಹಗ್ಗ ಸಡ್ಲ ಬಿಡು,' ಅಂದ.
ಅಷ್ಟೇ ಅಂದದ್ದು ಅವತ್ತೆಲ್ಲ.
ಆಮೇಲೆ ಬಲ ಪಕ್ಕೆಗೆ ಬಂದು
ಸುಳಿಯೇ ಇಲ್ಲದಲ್ಲಿ ಅಂಥದೇ ಇನ್ನೊಂದು ಹೂ.

ಸೋದರಮಾವ ಬಂದರು, ಕಿವಿಗೆ ಮಫ್ಲರು.
ಹಣೆ ನೋಡಿದರು, ಕೊರಳು, ಮೊಣಕಾಲು.
ಎರಡೂ ಹೂ ನೋಡಿ ಎಡದ್ದರ ಮೇಲೆ ಅಂಗೈಯಿಟ್ಟು
'ಇದು ಆ ಕಡೆಯದಕ್ಕಿಂತ ಚೆಂದ ಬಂದಿದೆ' ಎಂದರು.
ಮುಂಗಡ ಎಣಿಸಿದರು.

ಆರು ವಾರಕ್ಕೆ ಎರಡೂ ಹೂ ಮುಚ್ಚಿಕೊಂಡವು.
ಆ ಮದುವೆ ಏನಾಯಿತೋ ಯಾರೂ ಬಂದು ಹೇಳಲಿಲ್ಲ.

ಹೂ ಬಿಡಿಸಿದ ಸಂಜೆ ಮಾತ್ರ ನೆನಪಿದೆ:
ಕೂದಲು ಗುಡಿಸಿ ಗೊಬ್ಬರದ ಚೀಲಕ್ಕೆ ತುಂಬಿದ ಮೇಲೆ
ಮಾವ ನನ್ನನ್ನು ಹೊಸ್ತಿಲಲ್ಲಿ ಕೂರಿಸಿ
ತಲೆಗೆ ಹತ್ತಿದ ಕುದುರೆಗೂದಲು ಆರಿಸುತ್ತಿದ್ದ.
ಡೆಕ್ಕನ್ ಕ್ವೀನ್ ಹೋಯಿತೇನೋ, ತಗಡು ನಡುಗಿತು.
ಅವನ ಬೆರಳು ನೆತ್ತಿಯಲ್ಲಿ ಒಂದು ಕಡೆ ನಿಂತಿತು,
ಆಮೇಲೆ ಅದರ ಪಕ್ಕದಲ್ಲಿ.
ಎಣ್ಣೆ ಹಚ್ಚಿ ಮಲಗಿಸಿದ್ದನ್ನು
ಉಗುರಿನಿಂದ ಮೆಲ್ಲಗೆ ಎಬ್ಬಿಸಿ
ಎರಡಕ್ಕೂ ಊದಿದ.